ಐದು ನಿಮಿಷ ಅಗಿಯಿರಿ

ನಾನು ಪುಸ್ತಕ ಮುಚ್ಚಿಟ್ಟು ಪ್ರಯೋಗಕ್ಕೆ ಕೈ ಹಾಕಿದಾಗಲೆಲ್ಲ ಊರಿನಲ್ಲಿ ಯಾರದಾದರೂ ಮನೆಯಲ್ಲಿ ಗಲಾಟೆ ಆಗಿಯೇ ಆಗುತ್ತದೆ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದರೆ ನಮ್ಮ ಪ್ರೌಢಶಾಲೆ. ಅಲ್ಲಿ ನಾನು ವಿಜ್ಞಾನದ ಟೀಚರ್. ಕಳೆದ ವರ್ಷ ಶಾಲಾ ಸಮಿತಿಯ ಅಧ್ಯಕ್ಷರ ಕಣ್ಣು ನಮ್ಮ ಪ್ರಯೋಗಾಲಯದ ಮೇಲೆ ಬಿತ್ತು. ಬಿಸಿಯೂಟದ ಅಕ್ಕಿ ಮೂಟೆ ಇಡಲು ಜಾಗ ಸಾಲದಂತೆ.

"ಅಲ್ಲಿ ಏನ್ ನಡೀತತೆ ಮೇಡಮ್? ಬೀಗ ತುಕ್ಕು ಹಿಡದೈತೆ. ವರ್ಷದ ಕೊನೆ ಮೀಟಿಂಗ್‌ನಾಗೆ ತೀರ್ಮಾನ ಮಾಡಿಬಿಡಾಣ" ಎಂದರು.

ಬೀಗದ ಮಾತು ನಿಜ. ನಿಜವಾದ್ದರಿಂದಲೇ ನನಗೆ ಸಿಟ್ಟು ಬಂತು. ಅವತ್ತೇ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟೆ. ಜೀವಿಗಳು ಪಿಷ್ಟವನ್ನು, ಸಕ್ಕರೆಯನ್ನು ಹೇಗೆ ತಯಾರಿಸುತ್ತವೆ, ಹೇಗೆ ಒಡೆಯುತ್ತವೆ ಎಂಬ ಪಾಠವನ್ನು ಈ ಸಲ ಮಕ್ಕಳಿಗೆ ಕಣ್ಣಾರೆ ತೋರಿಸಿಯೇ ಸೈ, ಕೊಠಡಿ ಮಾತ್ರ ಬಿಟ್ಟುಕೊಡುವುದಿಲ್ಲ ಎಂದು ಹಟ ಹಿಡಿದೆ.

ಎಲೆಗೆ ಕಪ್ಪು ಪಟ್ಟಿ

ಬಿಸಿಲು ಬಿದ್ದ ಎಲೆ ತನಗೆ ಬೇಕಾದ ಪಿಷ್ಟವನ್ನು ತಾನೇ ಮಾಡಿಕೊಳ್ಳುತ್ತದೆ, ಬೆಳಕು ತಪ್ಪಿಸಿದರೆ ಇಲ್ಲ. ಇದನ್ನು ತೋರಿಸಲು ಗೇಟಿನ ಪಕ್ಕದ ದಾಸವಾಳದ ನಾಲ್ಕು ಎಲೆಗಳಿಗೆ ಕಪ್ಪು ಕಾಗದದ ಪಟ್ಟಿ ಸುತ್ತಿ ಕ್ಲಿಪ್ ಹಾಕಿದೆ. ಮಾರನೆ ದಿನ ಬಂದು ನೋಡಿದರೆ ಗಿಡದ ಬುಡದಲ್ಲಿ ಕುಯ್ದ ನಿಂಬೆಹಣ್ಣು, ಕುಂಕುಮ! ಯಾರೋ ಶಾಲೆಗೆ ಮಾಟ ಮಾಡಿಸಿದ್ದಾರೆ ಎಂದು ಊರಿಗೆಲ್ಲ ಸುದ್ದಿ. ಆ ಗೇಟಿನಲ್ಲಿ ಒಂದು ಮಗುವೂ ಒಳಗೆ ಬರಲಿಲ್ಲ, ಎಲ್ಲರೂ ಹಿಂದಿನ ಕಾಂಪೌಂಡು ಹಾರಿದ್ದರು.

ನಾನು ಗೇಟಿಗೇ ನಿಂತೆ. ಹೊಲಕ್ಕೆ ಹೊರಟಿದ್ದ ಅಜ್ಜಿಯೊಬ್ಬರನ್ನು ತಡೆದು ಬಿಡಿಸಿ ಹೇಳಿದೆ: "ಮಾಟ ಅಲ್ಲಜ್ಜಿ. ಬೆಳಕು ಸಿಗದಿದ್ರೆ ಎಲೆ ಅಡುಗೆ ಮಾಡ್ಕೊಳ್ಳೋದಿಲ್ಲ. ಅದನ್ನ ಮಕ್ಕಳಿಗೆ ತೋರಿಸ್ಬೇಕು."

ಅಜ್ಜಿ ಗಿಡವನ್ನೂ ನೋಡಿದರು, ನನ್ನನ್ನೂ ನೋಡಿದರು. "ಅಂದ್ರೆ ಬೇಕಂತ್ಲೇ ಗಿಡನ ಉಪವಾಸ ಕೆಡವೀಯೇನವ್ವ? ಇದಕ್ಕಿಂತ ಮಾಟನೇ ವಾಸಿ ಬಿಡು."

ಬಲೂನಿನ ಬಾಟಲಿ

ಮುಂದಿನದು ಒಡೆಯುವ ಪಾಠ. ಬಾಟಲಿಯಲ್ಲಿ ಬೆಲ್ಲದ ನೀರು, ಅದಕ್ಕೊಂದು ಚಮಚ ಯೀಸ್ಟ್, ಬಾಯಿಗೊಂದು ಬಲೂನು. ಯೀಸ್ಟ್ ಸಕ್ಕರೆಯನ್ನು ಒಡೆದಂತೆ ಅನಿಲ ಹೊರಬಂದು ಬಲೂನು ಉಬ್ಬಬೇಕು. ಬಿಸಿಲಿನ ದಿನ, ಮಧ್ಯಾಹ್ನದ ಹೊತ್ತಿಗೆ ಉಬ್ಬಿ ಕೂತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದಾಗಲೇ ಕೊಠಡಿಯ ಅಳತೆ ಹಿಡಿಯಲು ಅಧ್ಯಕ್ಷರು ಬರಬೇಕೆ! ಬಾಗಿಲಲ್ಲೇ ಮೂಗು ಅರಳಿಸಿದರು.

"ಏನ್ರೀ ಇದು ವಾಸನೆ? ಶಾಲ್ಯಾಗೆ ಭಟ್ಟಿ ಇಟ್ಟೀರಾ?"

"ಸಕ್ಕರೆ ಒಡೆದಾಗ ಅನಿಲದ ಜೊತೆ ಚೂರು ಆಲ್ಕೋಹಾಲ್ ಕೂಡ ಬರುತ್ತೆ ಸರ್. ಪಾಠದಲ್ಲೇ ಇದೆ" ಎಂದು ಪುಸ್ತಕ ತೆರೆದು ತೋರಿಸಿದೆ. ಅವರು ಒಪ್ಪಲಿಲ್ಲ. ಈಗಿಂದೀಗ ಚೆಲ್ಲಬೇಕು ಎಂದರು. ನಾನು ಬಾಟಲಿ ಹಿಡಿದು ದಾಸವಾಳದ ಕಡೆ ನಡೆದೆ. ಹಿಂದಿನಿಂದ ಕೂಗಿದರು:

"ಅದಕ್ಕೆ ಹಾಕಬ್ಯಾಡ್ರಿ ಮೇಡಮ್! ಮೊದ್ಲೇ ಉಪವಾಸ ಐತಂತೆ. ಬರೀ ಹೊಟ್ಟಿಗೆ ಏರಿಬಿಡ್ತತೆ!"

ಅಗಿಯದ ಅಜ್ಜ

ಅನ್ನವನ್ನು ಅಗಿಯುತ್ತಲೇ ಇದ್ದರೆ ಜೊಲ್ಲು ಅದರ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. "ಮನೆಯಲ್ಲಿ ಒಂದು ತುತ್ತು ಐದು ನಿಮಿಷ ಅಗಿದು, ರುಚಿ ಹೇಗಾಯಿತು ಬರೆದುಕೊಂಡು ಬನ್ನಿ" ಎಂದು ಮಕ್ಕಳಿಗೆ ಹೇಳಿದೆ. ನನ್ನ ಗ್ರಹಚಾರ, ಅಧ್ಯಕ್ಷರ ಮಗಳೂ ಅದೇ ಕ್ಲಾಸು. ಅವರ ಮನೆಯ ಅಜ್ಜನಿಗೆ ಸಕ್ಕರೆ ಕಾಯಿಲೆ. ಅಗಿದರೆ ಸಕ್ಕರೆ ಆಗುತ್ತದೆ ಎಂದು ಮೊಮ್ಮಗಳು ಹೇಳಿದ್ದೇ ತಡ, ಅಜ್ಜ ಅಗಿಯುವುದನ್ನೇ ಬಿಟ್ಟರು. ಅನ್ನವನ್ನು ಸಾರಿನಲ್ಲಿ ಕಲಸಿ ಗುಳಿಗೆಯಂತೆ ನುಂಗತೊಡಗಿದರು.

ತಪ್ಪು ನನ್ನದೇ, ಸರಿ ಮಾಡಲೇಬೇಕಿತ್ತು. ಸಂಜೆ ಅವರ ಮನೆಗೆ ಹೋದೆ. "ಅಜ್ಜ, ನುಂಗಿದ್ರೂ ಅದು ಹೊಟ್ಟೇಲಿ ಸಕ್ಕರೆ ಆಗೇ ಆಗುತ್ತೆ. ಅಳತೇಲಿ ಊಟ ಮಾಡಿ, ಚೆನ್ನಾಗಿ ಅಗಿದು ಮಾಡಿ" ಎಂದೆ.

ಅಜ್ಜ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಹೆಂಗಿದ್ರೂ ಒಳಗೆ ಆಗೇ ಆಗ್ತತೆ ಅಂತೀರಾ?"

"ಹೌದು ಅಜ್ಜ."

ಅಜ್ಜ ಅಡುಗೆಮನೆ ಕಡೆ ತಿರುಗಿ ಕೂಗಿದರು: "ಕೇಳಿದ್ಯಾ ಸೊಸೆ, ಟೀಚರೇ ಹೇಳಿದ್ರು! ಇನ್ನ ನನ್ ಚಾಕ್ಕೆ ಸಕ್ಕರೆ ಹಾಕಲ್ಲ ಅನ್ನಬ್ಯಾಡ!"

ಕೊನೆಯ ಮೀಟಿಂಗು

ಈ ಚಹಾದ ಜಗಳ ಮುಗಿಯುವ ಮೊದಲೇ ಮೀಟಿಂಗು ಬಂತು. ನಮ್ಮ ಹೆಡ್‌ಮಾಸ್ಟರು ಬಹಳ ಮೆದು. ಸಮಿತಿಯ ಒಂಬತ್ತು ಜನರ ಗದ್ದಲದಲ್ಲಿ ಅವರು ಒಂದು ವಾಕ್ಯ ಪೂರ್ತಿ ಮಾಡಿದ್ದನ್ನು ಈವರೆಗೆ ಯಾರೂ ಕೇಳಿಲ್ಲ. ಅವರನ್ನು ನಂಬಿ ಕೂತರೆ ಕೊಠಡಿ ಹೋದಂತೆಯೇ. ನಾನು ಬಿಸಿಯೂಟದ ಅಕ್ಕನಿಂದ ಒಂದು ಪಾತ್ರೆ ಬಿಳಿ ಅನ್ನ ತಂದು ಎಲ್ಲರ ಮುಂದೆ ಬಡಿಸಿದೆ.

"ಪ್ರಯೋಗ ಸುಳ್ಳೋ ನಿಜವೋ ನೀವೇ ನೋಡಿ. ಐದು ನಿಮಿಷ ಅಗಿಯಬೇಕು. ನುಂಗೋ ಹಾಗಿಲ್ಲ, ಬಾಯಿ ಬಿಡೋ ಹಾಗಿಲ್ಲ. ಮಧ್ಯೆ ಮಾತಾಡಿದವರು ಮೊದಲಿಂದ ಅಗಿಯಬೇಕು."

ಒಂಬತ್ತು ಜನರೂ ತುತ್ತು ಬಾಯಿಗಿಟ್ಟರು. ಆ ಕೋಣೆಯ ಫ್ಯಾನು ಸದ್ದು ಮಾಡುತ್ತದೆಂದು ನನಗೆ ಗೊತ್ತಾಗಿದ್ದು ಅವತ್ತೇ. ಹೆಡ್‌ಮಾಸ್ಟರು ಸುತ್ತ ನೋಡಿದರು. ಕನ್ನಡಕ ಏರಿಸಿದರು. ನಡಾವಳಿ ಪುಸ್ತಕ ತೆರೆದು, ಜೀವನದಲ್ಲಿ ಮೊದಲ ಸಲ ಪೂರ್ತಿ ವಾಕ್ಯ ಓದಿದರು:

"ಪ್ರಯೋಗಾಲಯದ ಕೊಠಡಿಯನ್ನು ಪ್ರಯೋಗಾಲಯವಾಗಿಯೇ ಉಳಿಸಿಕೊಳ್ಳುವುದು. ವಿರೋಧ ಇದ್ದವರು ಹೇಳಬಹುದು."

ಅಧ್ಯಕ್ಷರ ಕಣ್ಣು ದೊಡ್ಡದಾಯಿತು. ಕೆನ್ನೆ ಉಬ್ಬಿಸಿಕೊಂಡೇ "ಉಂ! ಉಂ!" ಎಂದು ಎರಡೂ ಕೈ ಎತ್ತಿ ಆಡಿಸಿದರು.

"ಅಧ್ಯಕ್ಷರು ಎರಡೂ ಕೈ ಎತ್ತಿ ಬೆಂಬಲಿಸಿದ್ದಾರೆ" ಎಂದು ಹೆಡ್‌ಮಾಸ್ಟರು ಬರೆದುಕೊಂಡರು. "ಸರ್ವಾನುಮತದಿಂದ ಅಂಗೀಕಾರ."

ಐದು ನಿಮಿಷ ಮುಗಿಯಿತು. ಅಧ್ಯಕ್ಷರು ಗುಟುಕ್ಕನೆ ನುಂಗಿದರು. "ಸಿಹಿ ಆಗಿದ್ದು ಖರೇ ಐತ್ರೀ! ಆದ್ರೆ ನಾನು ಕೈ ಎತ್ತಿದ್ದು ಬ್ಯಾಡ ಅನ್ನಾಕೆ!"

ಹೆಡ್‌ಮಾಸ್ಟರು ಪುಸ್ತಕ ಮುಚ್ಚಿ, ಬಹಳ ಮೆದುವಾಗಿ ಹೇಳಿದರು: "ಬಾಯಿ ಬಿಟ್ಟು ಹೇಳಬೇಕಿತ್ತು ಸರ್."