ಬಿದ್ದ ಕೊಟ್ಟಿಗೆಗೆ ಬಂದ ಶತಮಾನ

ವಲ್ಬ್ರಿಯಾಕ್ ಗ್ರಾಮದಲ್ಲಿ ನೋಡತಕ್ಕ ಸ್ಥಳಗಳು ಎರಡಿದ್ದವು. ನಿಯಮದ ಪ್ರಕಾರ ಮೂರಿರಬೇಕಿತ್ತು. ಮೂರಿದ್ದರೆ ಮಾತ್ರ ಹೆದ್ದಾರಿಯ ಪಕ್ಕದಲ್ಲಿ ಊರಿನ ಹೆಸರಿನ ಕಂದು ಬಣ್ಣದ ಫಲಕ ನೆಡಲು ಅನುಮತಿ. ಮೊದಲನೆಯದು, ಗುಡ್ಡ ಸುತ್ತಿಸಿ ಹನ್ನೊಂದು ಕಿಲೋಮೀಟರ್ ನಡೆಸಿ ಹೊರಟಲ್ಲಿಗೇ ತಂದುಬಿಡುವ ಕಾಲುದಾರಿ. ಎರಡನೆಯದು, ಬಟ್ಟೆ ಒಗೆಯುವ ಹಳೆಯ ಕಟ್ಟೆ. ಮನೆಮನೆಗೆ ವಾಷಿಂಗ್ ಮೆಷಿನ್ ಬಂದ ಮೇಲೆ ಅಲ್ಲಿ ಕಪ್ಪೆಗಳಷ್ಟೇ ಉಳಿದಿದ್ದವು, ಅವು ಏನನ್ನೂ ಒಗೆಯುತ್ತಿರಲಿಲ್ಲ. ಪಕ್ಕದ ಸೊವಾನ್ಯಾಕ್ ಊರಿಗೆ ಒಂದು ಕೋಟೆ, ಒಂದು ಗುಹೆ, ತಲೆಯಿಲ್ಲದ ಒಬ್ಬ ಸಂತನ ಮೂರ್ತಿ ಇದ್ದವು, ಫಲಕವೂ ಇತ್ತು. ಈ ಕಾರಣದಿಂದ ವಲ್ಬ್ರಿಯಾಕ್‌ನ ಮೇಯರ್ ಫುಲ್ಬೇರ್ ಪೇರೋಲ್‌ಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ, ಬಾತುಕೋಳಿಯೂ ಹತ್ತುತ್ತಿರಲಿಲ್ಲ.

ಆಡು ಸಾಕುವ ಜಿನೆತ್ ಫೋರ್ಜ್‌ಗೆ ಬೇಕಿದ್ದದ್ದು ಫಲಕವಲ್ಲ, ಸೂರು. ಮಾರ್ಚ್ ತಿಂಗಳ ಬಿರುಗಾಳಿಗೆ ಅವಳ ಕೊಟ್ಟಿಗೆಯ ಚಾವಣಿ ಹಾರಿ ಹಳ್ಳಕ್ಕೆ ಬಿದ್ದಿತ್ತು, ಗೋಡೆ ಅರ್ಧಕ್ಕೆ ಕುಸಿದಿತ್ತು. ಇಪ್ಪತ್ಮೂರು ಆಡುಗಳು ಜನವರಿಯಲ್ಲಿ ಮರಿ ಹಾಕುತ್ತವೆ. ಮಂಜು ಗಟ್ಟಿಯಾಗುವ ಆ ಚಳಿಯಲ್ಲಿ ಬಯಲಲ್ಲಿ ಹುಟ್ಟಿದ ಮರಿ ಬೆಳಕು ಹರಿಯುವುದರೊಳಗೆ ಸೆಟೆದುಕೊಳ್ಳುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡಿದ್ದ ಜಿನೆತ್ ಇನ್ನೊಮ್ಮೆ ಕಾಣಲು ತಯಾರಿರಲಿಲ್ಲ. ಆದ್ದರಿಂದ ದುರಸ್ತಿಗೆ ಅಪ್ಪಣೆ ಕೋರಿ, ಬಿದ್ದ ಕೊಟ್ಟಿಗೆಯ ಫೋಟೋ ಲಗತ್ತಿಸಿ, ಮೇಯರ್ ಕಚೇರಿಗೆ ಅರ್ಜಿ ಕೊಟ್ಟಳು.

ಮೇಯರ್ ಕಚೇರಿ ಮಂಗಳವಾರ ಬೆಳಿಗ್ಗೆ ಮಾತ್ರ ತೆರೆಯುತ್ತದೆ. ಆ ಮಂಗಳವಾರ ಫುಲ್ಬೇರ್ ಕಂದು ಫಲಕದ ಅರ್ಜಿಯನ್ನೂ, ಮೂರನೇ ಸ್ಥಳದ ಸಾಲು ಖಾಲಿ ಬಿಟ್ಟು, ಬರೆದು ಮುಗಿಸಿದ್ದ. ಎರಡೂ ಹೋಗಬೇಕಾದದ್ದು ಜಿಲ್ಲಾ ಪಟ್ಟಣದ ಒಂದೇ ಕಟ್ಟಡಕ್ಕೆ. ದುರಸ್ತಿಯದು ಎರಡನೇ ಮಹಡಿಗೆ, ಫಲಕದ್ದು ಮೂರನೇ ಮಹಡಿಯ ಪರಂಪರೆ ಇಲಾಖೆಗೆ. ಒಂದೇ ಮೆಟ್ಟಿಲು ಹತ್ತುವ ಕಾಗದಗಳಿಗೆ ಎರಡು ಲಕೋಟೆ ಏಕೆಂದು ಎರಡನ್ನೂ ಒಂದರಲ್ಲೇ ತುರುಕಿ ಅಂಟಿಸಿದ. ಅಷ್ಟರಲ್ಲಿ ಹನ್ನೆರಡು ಗಂಟೆಯಾಗಿ ಊಟದ ಹೊತ್ತಾಯಿತು.

ಐದು ವಾರಕ್ಕೆ ಮೂರನೇ ಮಹಡಿಯಿಂದ ಉತ್ತರ ಬಂತು: "ಲಗತ್ತಿಸಿದ ಛಾಯಾಚಿತ್ರದಲ್ಲಿನ ಭಗ್ನಾವಶೇಷವು, ಶತಮಾನ ಇನ್ನೂ ತಿಳಿದುಬಾರದಿದ್ದರೂ, ಸಂರಕ್ಷಿತ ಸ್ಮಾರಕವೆಂದು ಈ ಮೂಲಕ ಘೋಷಿಸಲ್ಪಟ್ಟಿದೆ. ಸದರಿ ಅವಶೇಷವು ಈಗಿರುವುದಕ್ಕಿಂತ ಹೆಚ್ಚು ಭಗ್ನವಾಗತಕ್ಕದ್ದಲ್ಲ. ಕಡಿಮೆ ಭಗ್ನವೂ ಆಗತಕ್ಕದ್ದಲ್ಲ."

ಜಿನೆತ್ ಕಾಗದ ಹಿಡಿದು ನೇರವಾಗಿ ಕಾಫಿ ಅಂಗಡಿಗೆ ನುಗ್ಗಿದಳು. ಅಲ್ಲಿ ಕೂತಿದ್ದ ಫುಲ್ಬೇರನೂ ಅವಳೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಏನೋ ಇದು? ಇದು ನಮ್ಮಜ್ಜ ಕಟ್ಟಿದ್ದು ಕಣೋ! ನಿಮ್ಮಪ್ಪನೇ ಗಾರೆ ಕಲಸಿಕೊಟ್ಟಿದ್ದು!"

"ಮೆತ್ತಗೆ ಮಾತಾಡೇ ಮಾರಾಯ್ತಿ," ಎಂದ ಫುಲ್ಬೇರ್, ಸುತ್ತ ನೋಡಿ. "ನಮ್ಮಪ್ಪ ಕಲಸಿದ ಗಾರೆ ಇಷ್ಟು ಬೇಗ ಪುರಾತನ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಈಗ ನಮ್ಮೂರಲ್ಲಿ ಮೂರು ಸ್ಥಳ ಆಯ್ತು ನೋಡು."

"ನನ್ನ ಆಡುಗಳು?"

"ಅದೂ ಒಂದು ಅರ್ಜಿ ಬರೆಯೋಣ."

ಜೂನ್‌ನಲ್ಲಿ ಪರಂಪರೆ ಅಧಿಕಾರಿ ಮದಾಂ ಕಾಸ್ತೆರಾ ಬಂದರು. ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಸೀಮೆಸುಣ್ಣ. ಆಕೆ ಸಭ್ಯಸ್ಥೆ, ಬಿದ್ದ ಕಲ್ಲಿಗೂ ಕಾಲು ತಗಲಿಸುತ್ತಿರಲಿಲ್ಲ. ಬಾಗಿಲ ಮೇಲೆ ಸಿಮೆಂಟಿನಲ್ಲಿ ಗೀಚಿದ್ದ 1952 ಎಂಬ ಇಸವಿಯನ್ನು ಜಿನೆತ್ ಬೆರಳಿಟ್ಟು ತೋರಿಸಿದಳು.

"ಬರಹ ಗೋಡೆಗಿಂತ ಆಮೇಲಿನದು," ಎಂದರು ಮದಾಂ.

"ಹೌದ್ರೀ, ಆಮೇಲಿನದೇ. ಗೋಡೆ ಮಧ್ಯಾಹ್ನ ಮುಗೀತು, ಸಂಜೆ ಬರೆದ್ರು."

"ನೋಡಿದ್ರಾ, ನೀವೇ ಒಪ್ಕೊಂಡ್ರಿ," ಎಂದು ಮದಾಂ ಬರೆದುಕೊಂಡರು. ಆಡು ನೀರು ಕುಡಿಯುವ ಕಲ್ಲಿನ ಬಾನಿಯನ್ನು ಮಾತ್ರ ಬಹಳ ಹೊತ್ತು ನೋಡಿ, ಇದು ಯಾವುದೋ ಗಣ್ಯ ಮನೆತನದ ಎಳೆಯ ಮಗುವಿನ ಸಮಾಧಿ ಇರಬಹುದೆಂದು ಟೋಪಿ ತೆಗೆದರು. ಜಿನೆತ್‌ಗೂ ಯಾಕೋ ಕಣ್ಣು ಒದ್ದೆಯಾಯಿತು. ಆಮೇಲೆ ಅದು ತನ್ನ ಆಡುಗಳ ಬಾನಿಯೆಂದು ನೆನಪಾಗಿ ತನ್ನ ಮೇಲೇ ಸಿಟ್ಟು ಬಂತು.

ಬಿದ್ದ ಕಲ್ಲುಗಳಿಗೆ ಒಂದರಿಂದ ಇನ್ನೂರ ಹದಿನಾಲ್ಕರವರೆಗೆ ನಂಬರು ಬಿತ್ತು. ಜಿನೆತ್‌ಳನ್ನು ಅವಶೇಷದ ಗೌರವ ಪಾಲಕಿಯೆಂದು ನೇಮಿಸಲಾಯಿತು. ಯಾವ ಕಲ್ಲಾದರೂ ಸರಿದರೆ ಅದನ್ನು ಮೊದಲು ಬಿದ್ದಿದ್ದ ಜಾಗದಲ್ಲೇ ಮತ್ತೆ ಬೀಳಿಸಿಡುವುದು ಅವಳ ಕರ್ತವ್ಯ. ಮುದಿ ಆಡು ಕಾಬ್ರೆತ್‌ಗೆ ಎಂಬತ್ತೇಳನೇ ನಂಬರಿನ ಮೇಲೆ ನಿಲ್ಲುವ ಖಯಾಲಿ. ಜಿನೆತ್ ದಿನಕ್ಕೆ ನಾಲ್ಕು ಸಲ ಎಂಬತ್ತೇಳನ್ನು ಬೀಳಿಸಬೇಕಾಗುತ್ತಿತ್ತು. ಆಗಸ್ಟಿನಲ್ಲಿ ಕಂದು ಫಲಕ ಎದ್ದಿತು. ಹಾಲೆಂಡಿನಿಂದ ಬಂದ ದಂಪತಿ ನಲವತ್ತು ನಿಮಿಷ ಅವಶೇಷ ನೋಡಿ, ಬಹಳ ಶಾಂತಿ ಸಿಕ್ಕಿತೆಂದು ಹೇಳಿ, ಆರು ಉಂಡೆ ಆಡಿನ ಚೀಸ್ ಕೊಂಡು ಹೋದರು.

ಅಕ್ಟೋಬರ್ ಬಂದರೂ ಸೂರು ಬರಲಿಲ್ಲ. ಜಿನೆತ್ ಒಂದು ನೀಲಿ ಟಾರ್ಪಾಲು ಕಟ್ಟಿದಳು. ಮೂರನೇ ದಿನವೇ ನೋಟೀಸು: "ಸ್ಮಾರಕಕ್ಕೆ ನೀಲಿ ಬಣ್ಣ ನಿಷಿದ್ಧ." ಬಿಚ್ಚಿದಳು. ಆ ಸಂಜೆ ಆಡುಗಳ ಉಬ್ಬಿದ ಹೊಟ್ಟೆ ಸವರುತ್ತಾ ಕೂತವಳಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಕೊನೆಗೆ ಎರಡನ್ನೂ ಬಿಟ್ಟು ಫೋನ್ ಮಾಡಿದಳು.

"ಮದಾಂ, ಪಾಲಕಿಯಾಗಿ ಒಂದು ಮಾತು ಕೇಳಬೇಕಿತ್ತು. ಮಳೆ ಬಂದು ಕಲ್ಲಿನ ಸಂದಿಗೆ ನೀರಿಳಿಯುತ್ತೆ. ಚಳಿಗೆ ಅದು ಹೆಪ್ಪುಗಟ್ಟಿದ್ರೆ ಗೋಡೆ ಬಿರಿಯುತ್ತೆ. ಆಗ ಅವಶೇಷ ಹೆಚ್ಚು ಭಗ್ನ ಆಗಲ್ವಾ?"

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು.

"ಎಷ್ಟು ಹೆಚ್ಚು?" ಎಂದರು ಮದಾಂ.

"ಅದು ನಂಗೊತ್ತಿಲ್ಲಮ್ಮ. ನಾನು ಹೇಳಿದ್ದೆ ಅನ್ನೋದು ಮಾತ್ರ ಬರೆದಿಟ್ಕೊಳ್ಳಿ."

ಇದನ್ನೇ ಇಲಾಖೆಯ ಭಾಷೆಯಲ್ಲಿ ತುರ್ತು ಪರಿಸ್ಥಿತಿ ಎನ್ನುತ್ತಾರೆ. ಹತ್ತೊಂಬತ್ತು ದಿನಗಳಲ್ಲಿ ಮೂರು ಲಾರಿ, ಏಳು ಬಡಗಿಗಳು, ಇಬ್ಬರು ತಜ್ಞರು ಬಂದು, ಅವಶೇಷಕ್ಕೆ ಎಲ್ಲೂ ತಗಲದಂತೆ ಓಕ್ ಮರದ ಕಂಬ ನೆಟ್ಟು, ಕೈಯಲ್ಲಿ ತಟ್ಟಿದ ಹೆಂಚು ಹೊದಿಸಿ, ಗಾಳಿಯ ಕಡೆಗೆ ಹಲಗೆ ಬಡಿದು ಹೋದರು. ಜಿಲ್ಲೆಯಲ್ಲಿ ಅಂಥ ಚಾವಣಿ ಬಿಷಪ್ಪರಿಗೂ ಇರಲಿಲ್ಲ.

"ಒಳಗೆ ಹುಲ್ಲು ಬೆಳೆಯುತ್ತಲ್ಲಾ ಮದಾಂ," ಎಂದಳು ಜಿನೆತ್, ಉದ್ಘಾಟನೆಯ ದಿನ.

"ಯಂತ್ರ ಬಳಸೋ ಹಾಗಿಲ್ಲ. ಅದುರಾಟಕ್ಕೆ ಕಲ್ಲು ಸರಿಯುತ್ತೆ."

"ಆಡು?"

ಮದಾಂ ನಿಯಮಾವಳಿಯ ಪುಟ ತಿರುವಿದರು. "ಆಡಿಗೆ ನಿಷೇಧ ಇಲ್ಲ. ಆದ್ರೆ ಹಗಲು ಮಾತ್ರ ಇರಬೇಕಲ್ವಾ?"

"ಹುಲ್ಲು ರಾತ್ರೀನೂ ಬೆಳೆಯುತ್ತೆ ಮದಾಂ."

ಮದಾಂ ಯೋಚಿಸಿದರು. ಅದನ್ನು ಅಲ್ಲಗಳೆಯಲು ಆಕೆಯ ಬಳಿ ಯಾವ ದಾಖಲೆಯೂ ಇರಲಿಲ್ಲ. ಇಪ್ಪತ್ಮೂರು ಆಡುಗಳು ಸಸ್ಯನಿಯಂತ್ರಣ ಸಿಬ್ಬಂದಿಯಾಗಿ ನೇಮಕಗೊಂಡವು. ಜನವರಿಯಲ್ಲಿ ನಲವತ್ತೊಂದು ಮರಿಗಳು ಹುಟ್ಟಿದವು. ಒಂದೂ ಸಾಯಲಿಲ್ಲ. ಜಿನೆತ್ ಒಬ್ಬಳೇ ಒಂದು ಲೋಟ ವೈನ್ ಕುಡಿದು, ಓಕ್ ಕಂಬವನ್ನು ತಬ್ಬಿಕೊಂಡು, ಬಾಯ್ತುಂಬ ನಕ್ಕಳು. ಮರಿಗಳ ನೇಮಕಾತಿ ಪರಿಶೀಲನೆಯಲ್ಲಿದೆ.

ಫೆಬ್ರವರಿಯಲ್ಲಿ ಒಂದು ಸುತ್ತೋಲೆ ಬಂತು. ಸ್ಮಾರಕದ ಸುತ್ತ ಐನೂರು ಮೀಟರ್ ಒಳಗೆ ಯಾವ ಮನೆಯ ಹೆಂಚನ್ನೂ, ಕಿಟಕಿಯನ್ನೂ, ಚಿಮಣಿಯನ್ನೂ ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ. ಅಪ್ಪಣೆಗೆ ಎರಡೂವರೆ ವರ್ಷ. ವಲ್ಬ್ರಿಯಾಕ್ ಇರುವುದೇ ನಾನೂರು ಮೀಟರ್. ಊರವರು ಸುತ್ತೋಲೆಯನ್ನು ಕಾಫಿ ಅಂಗಡಿಯ ಗೋಡೆಗೆ ಅಂಟಿಸಿ ಶಾಂತವಾಗಿ ಓದಿದರು. ನಿಂತ ಗೋಡೆಯನ್ನು ದುರಸ್ತಿ ಮಾಡಲು ಎರಡೂವರೆ ವರ್ಷ, ಬಿದ್ದ ಗೋಡೆಗೆ ಸರ್ಕಾರಿ ಚಾವಣಿ ಬರಲು ಹತ್ತೊಂಬತ್ತು ದಿನ. ಎಲ್ಲರೂ ತಂತಮ್ಮ ಮನೆಯ ಗೋಡೆಗಳತ್ತ ತಿರುಗಿ ನೋಡಿದರು.

ಮುಂದಿನ ಮಂಗಳವಾರ ಫುಲ್ಬೇರ್ ಜಿನೆತ್‌ಳ ಬಾಗಿಲು ತಟ್ಟಿದ. ಮೇಯರ್ ಕಚೇರಿಯ ಮಾಡು ಸೋರುತ್ತಿತ್ತು.

"ಜಿನೆತ್, ನಿನ್ನ ಗೋಡೆ ಎಷ್ಟು ಬಿದ್ದಿತ್ತೇ? ಸರಿಯಾಗಿ ಹೇಳು."

"ಅರ್ಧ. ಪೂರ್ತಿ ಬೀಳಿಸಿದ್ರೆ ಬರೀ ಕಲ್ಲುಗುಡ್ಡೆ ಕಣೋ, ಯಾರೂ ಮೂಸಿ ನೋಡಲ್ಲ. ಅರ್ಧ ಇದ್ರೇ ಶತಮಾನ."

"ಮೂಲೆಯಿಂದ ಶುರು ಮಾಡ್ಲಾ?"

"ಕಿಟಕಿ ಪಕ್ಕದಿಂದ ಮಾಡು. ನೋಡೋರಿಗೆ ದುಃಖ ಆಗಬೇಕು."

ಶನಿವಾರ ಇಡೀ ಊರು ಕಚೇರಿಯೆದುರು ಸೇರಿತು. ಮೇಜಿನ ಮೇಲೆ ವೈನ್, ಆಲಿವ್, ಜಿನೆತ್‌ಳ ಚೀಸ್. ತಂತಮ್ಮ ಮನೆಯ ಸರದಿ ಯಾವಾಗೆಂದು ಜನ ಪಟ್ಟಿಯಲ್ಲಿ ಹೆಸರು ಬರೆಸುತ್ತಿದ್ದರು. ಮೊದಲ ಹೆಸರು ಪಾದ್ರಿಗಳದ್ದು. ಫುಲ್ಬೇರ್ ಮೇಯರ್ ಪದವಿಯ ಮೂರು ಬಣ್ಣದ ಬಟ್ಟೆಪಟ್ಟಿಯನ್ನು ಎದೆಗೆ ಅಡ್ಡಲಾಗಿ ಧರಿಸಿ, ಸುತ್ತಿಗೆ ಎತ್ತಿ, ಗ್ರಾಮದ ನಾಲ್ಕನೆಯ ಪ್ರೇಕ್ಷಣೀಯ ಸ್ಥಳವನ್ನು ರಾಷ್ಟ್ರಕ್ಕೆ ಅರ್ಪಿಸುತ್ತಿರುವುದಾಗಿ ಘೋಷಿಸಿದ. ಚಪ್ಪಾಳೆ ಬಿತ್ತು.

"ಒಂದ್ನಿಮಿಷ, ಮೇಯರೇ!" ಎನ್ನುತ್ತಾ ಗುಂಪನ್ನು ಸೀಳಿಕೊಂಡು ಮದಾಂ ಕಾಸ್ತೆರಾ ಓಡಿ ಬಂದರು. ಫುಲ್ಬೇರ್ ಎತ್ತಿದ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಆಕೆ ಗೋಡೆಯ ಬುಡದಲ್ಲಿ ಮಂಡಿಯೂರಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ನೆಲದ ಮೇಲೆ ಒಂದು ದುಂಡನೆಯ ಗುರುತು ಹಾಕಿ ಒಳಗೆ ಒಂದನೇ ನಂಬರು ಬರೆದರು.

"ಹೂಂ, ಈಗ ಹೊಡೀರಿ," ಎಂದರು. "ಇಲ್ಲೇ ಬೀಳಬೇಕು."