ಏಳು ನೀರು ಕಂಡ ಮರಳು

"ಮರಳಿನ ವಿಷಯ ನನಗೆ ಬಿಟ್ಟುಬಿಡು!" ಎಂದು ಮೇಸ್ತ್ರಿಯವರು ಎದೆಯುಬ್ಬಿಸಿ ಘೋಷಿಸಿದರು. ಹೆಂಡತಿ ನಿಜವಾಗಿಯೂ ಬಿಟ್ಟುಬಿಟ್ಟಳು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವ ಹೆಂಡತಿಗೆ, ಮನೆಯಲ್ಲಿ ಸಮುದ್ರದ ಮೀನು ಸಾಕಬೇಕೆಂದು ಎರಡು ವರ್ಷದ ಆಸೆ. ಗಾಜಿನ ತೊಟ್ಟಿ ಬಂತು, ಪಂಪು ಬಂತು, ಅಳೆದು ಬೆರೆಸಿದ ಉಪ್ಪುನೀರು ಡ್ರಮ್ಮಿನಲ್ಲಿ ಸಿದ್ಧವಾಯಿತು. ಭಾನುವಾರ ಕಿತ್ತಳೆ ಬಣ್ಣದ ಜೋಡಿ ಮೀನು ಮನೆ ತುಂಬಬೇಕು. ಇದ್ಯಾವುದಕ್ಕೂ ಮೇಸ್ತ್ರಿಯವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಈಗ ಉಳಿದದ್ದು ತಳಕ್ಕೆ ಹಾಸುವ ಮರಳೊಂದೇ. ಮೂವತ್ತು ವರ್ಷ ಊರವರ ಮನೆ ಕಟ್ಟಿದ ಮನುಷ್ಯ, ತನ್ನ ಮನೆಯಲ್ಲಿ ಮರಳಿನ ವಿಷಯಕ್ಕೂ ಬಾಯಿಮುಚ್ಚಿ ಕೂತರೆ ಮಾನ ಉಳಿಯುವುದುಂಟೇ!

"ಚೀಟೀಲಿ ಬರೆದಿರೋದನ್ನ ತನ್ನಿ ರೀ, ಅಷ್ಟು ಸಾಕು. ಜೀವಂತ ಮರಳು ಅಂತ ಕೇಳಿ."

"ಜೀವಂತ ಮರಳಾ? ಇಷ್ಟು ವರ್ಷದಲ್ಲಿ ಯಾವ ಮರಳೂ ನನ್ನ ಮಾತಾಡಿಸಿಲ್ಲ ಕಣೇ!"

ಸಾಕುಮೀನಿನ ಅಂಗಡಿಯವನು ಚೀಲ ಕೊಟ್ಟ. ಒತ್ತಿ ನೋಡಿದರೆ ಒಳಗೆ ನೀರು! ಒದ್ದೆ ಮರಳನ್ನು ತೂಕಕ್ಕೆ ಮಾರುವ ಆಟ ಮೇಸ್ತ್ರಿಯವರಿಗೆ ಹೊಸದಲ್ಲ. ಹೋಗಲಿ, ಬದುಕಿಕೊಳ್ಳಲಿ ಎಂದು ಸುಮ್ಮನಾದರು. ಮರುದಿನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಚೀಲ ಬಿಚ್ಚಿ, ತಮ್ಮ ಹಳೆಯ ಪದ್ಧತಿಯಂತೆ ಒಂದು ಚಿಟಿಕೆಯನ್ನು ನಾಲಿಗೆ ತುದಿಗೆ ಇಟ್ಟವರೇ "ಥೂ!" ಎಂದು ಉಗಿದರು. ಉಪ್ಪು! ಉಪ್ಪಿನ ಮರಳಲ್ಲಿ ಕಟ್ಟಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಗಾರೆ ಉದುರುತ್ತದೆ, ಮೇಸ್ತ್ರಿಯ ಹೆಸರು ಮಣ್ಣುಪಾಲಾಗುತ್ತದೆ. ಇಂಥ ಮರಳು ಅವರ ಕಣ್ಣೆದುರೇ ಅವರ ಮನೆಯೊಳಗೆ ಕೂರುವುದೇ? ಸಾಧ್ಯವೇ ಇಲ್ಲ!

ಜರಡಿ ಹೊರಬಂತು. ಮರಳಿಗೆ ಏಳು ಬಕೆಟ್ ನೀರಿನ ಮಹಾಮಜ್ಜನವಾಯಿತು. ನಾಲ್ಕನೆಯದಕ್ಕೇ ಉಪ್ಪು ಹೋಗಿತ್ತು. ಉಳಿದ ಮೂರು ಮೇಸ್ತ್ರಿಯವರ ಸಮಾಧಾನಕ್ಕೆ. ಆಮೇಲೆ ತಾರಸಿಯ ಉರಿಬಿಸಿಲಿನಲ್ಲಿ ಹರಡಿ, ಗಂಟೆಗೊಮ್ಮೆ ಮಗುಚಿ, ಸಂಜೆ ಸಕ್ಕರೆಯಂಥ ಮರಳನ್ನು ತೊಟ್ಟಿಗೆ ಸುರಿದು ಕರಣೆಯಲ್ಲಿ ಸವರಿದರು. ರಸಮಟ್ಟ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಏರುಪೇರಿಲ್ಲ. ಅರಮನೆಯ ನೆಲವೂ ಅಷ್ಟು ಸಮವಿರಲಿಕ್ಕಿಲ್ಲ!

ಹೆಂಡತಿ ಬಂದವಳೇ ತೊಟ್ಟಿಯೊಳಗೆ ಬೆರಳಿಟ್ಟಳು.

"ಇದ್ಯಾಕೆ ರೀ ಹೀಗೆ ಒಣಗಿದೆ?"

"ಏಳು ಸಲ ತೊಳೆದಿದ್ದೀನಿ! ಒಂದು ಕಾಳು ಉಪ್ಪು ಹುಡುಕಿಕೊಡು, ನೋಡೋಣ!"

ಅವಳು ಕಸದ ಡಬ್ಬಿಯಿಂದ ಖಾಲಿ ಚೀಲ ಎತ್ತಿ ಅವರ ಮೂಗಿನ ಮುಂದೆ ಹಿಡಿದಳು. ಕೆಂಪಕ್ಷರ: ತೊಳೆಯಬಾರದು. ಒಣಗಿಸಬಾರದು.

"ಮೀನಿನ ಕೊಳೆ ಕರಗಿಸಿ ನೀರನ್ನ ಚೊಕ್ಕಟವಾಗಿಡೋ, ಕಣ್ಣಿಗೆ ಕಾಣದ ಜೀವಿಗಳಿದ್ವು ಇದರಲ್ಲಿ. ನಾವು ಕೊಂಡದ್ದೇ ಅವನ್ನ."

"ಎಷ್ಟಿದ್ವು?"

"ಕೋಟ್ಯಂತರ."

ಮೇಸ್ತ್ರಿಯವರು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಮೂವತ್ತು ವರ್ಷ ಒಬ್ಬ ಕೂಲಿಯವನ ಕಿರುಬೆರಳಿಗೂ ಗಾಯವಾಗದಂತೆ ಕಾಪಾಡಿದವರು, ಒಂದೇ ಹಗಲಿನಲ್ಲಿ ಕೋಟ್ಯಂತರ!

"ಮತ್ತೆ... ಭಾನುವಾರದ ಮೀನು?"

"ಎಲ್ಲಿಯ ಮೀನು, ಬಿಡಿ," ಎಂದವಳು ಪಂಪಿನ ತಂತಿ ಸುತ್ತಿ ಡಬ್ಬಿಗೆ ಹಾಕತೊಡಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಇದನ್ನು ತಡೆಯಲಾಗಲಿಲ್ಲ.

ಮರುದಿನ ಕಟ್ಟಡದ ಕೆಲಸ ಅರ್ಧಕ್ಕೇ ಬಿಟ್ಟು ಓಡಿದರು. ಹಳೆಯ ಅಂಗಡಿಯವನಿಗೆ ಮುಖ ತೋರಿಸಲು ನಾಚಿಕೆಯಾಗಿ, ಊರಿನ ಇನ್ನೊಂದು ತುದಿಯ ಅಂಗಡಿ ಹೊಕ್ಕು ಜೀವಂತ ಮರಳು ಕೇಳಿದರು. ಆ ಅಂಗಡಿಯವನು ಚೀಲವನ್ನು ಕೂಸಿನಂತೆ ಎತ್ತಿಕೊಂಡು ಬಂದ.

"ಮನೇಲಿ ಮೇಸ್ತ್ರಿ ಕೆಲಸದವರು ಯಾರಾದ್ರೂ ಇದ್ದಾರಾ ಸಾರ್?"

"ಯಾ... ಯಾಕೆ?"

"ಇದ್ರೆ ಅವರ ಕೈಗೆ ಸಿಗದ ಹಾಗಿಡಿ. ಮರಳಿನ ಪಂಡಿತರು ನೋಡಿ, ತೊಳೆದುಬಿಡ್ತಾರೆ! ತಾವೇನು ಕೆಲಸ ಮಾಡೋದು?"

"ಬಟ್ಟೆ ವ್ಯಾಪಾರ," ಎಂದರು ಮೇಸ್ತ್ರಿಯವರು, ಒಂದು ಕ್ಷಣವೂ ತಡವರಿಸದೆ.

ಅಂಗಡಿಯವನ ಕಣ್ಣು ಅವರ ಸೊಂಟದತ್ತ ಇಳಿಯಿತು. "ಮತ್ತೆ ಆ ಕರಣೆ?"

"ಇದಾ?" ಮೇಸ್ತ್ರಿಯವರು ಮೂವತ್ತು ವರ್ಷದ ಸಂಗಾತಿಯನ್ನು ಅಂಗಿಯೊಳಗೆ ತುರುಕಿಕೊಂಡರು. "ನಮ್ಮ ಮನೆಯವಳದು. ಮರಳಿನ ವಿಷಯವೆಲ್ಲ ಅವಳೇ ನೋಡ್ಕೊಳ್ಳೋದು!"