ನಮ್ಮ ಮಾವನ ಬಸ್ಸಿಗೆ ಪ್ಯಾಸೆಂಜರ್ ಬೇಕಾಗಿದ್ದಾರೆ

ಡ್ರ್ಯಾಗನ್ನಿಗೆ ಅರ್ಧ ಟಿಕೆಟ್ ಕೊಟ್ಟ ಕಂಡಕ್ಟರು ಇಡೀ ಭೂಮಂಡಲದಲ್ಲಿ ಒಬ್ಬರೇ ಇದ್ದಾರೆ, ಮತ್ತು ಅವರು ನನ್ನ ಸೋದರಮಾವ! ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ. ಹೋದ ವರ್ಷ ಒಂದು ಬೆಳಗ್ಗೆ ನಂಜನಗೂಡಿನ ನನ್ನ ಪ್ರಿಂಟಿಂಗ್ ಅಂಗಡಿಯಲ್ಲಿ ಯಾರದೋ ಗೃಹಪ್ರವೇಶದ ಕಾರ್ಡು ತಿದ್ದುತ್ತಾ ಕೂತಿದ್ದೆ. ತಿ. ನರಸೀಪುರದಿಂದ ಮಾವನ ಫೋನು ಬಂತು.

“ಲೇ, ಒಂಬೈನೂರು ವರ್ಸದ ಮಗೀಗೆ ಆಫ್ ಟಿಕೆಟ್ಟೋ, ಫುಲ್ ಟಿಕೆಟ್ಟೋ?”

“ಯಾವ ಮಗು ಮಾವ?”

“ಅದೇ ಕಣ್ಲಾ, ನೆನ್ನೆ ತಕೊಂಡ್ವಲ್ಲ, ರೆಕ್ಕೆದು. ವಯಸ್ಸು ಒಂಬೈನೂರು ಅಂತ ಬರ್ದವ್ಳೆ ಆ ಉಡ್ಗಿ. ಎತ್ತರ ನೋಡುದ್ರೆ ಮೂರಡಿನೂ ಇಲ್ಲ!”

ಬಸ್ಸಿನಲ್ಲಿ ಮಕ್ಕಳನ್ನು ಎತ್ತರ ನೋಡಿಯೇ ಅಳೆಯುವುದಲ್ಲವೇ ಎಂದೆ. ಮಾವ ಸಮಾಧಾನಗೊಂಡು ಫೋನಿಟ್ಟರು. ಐದು ನಿಮಿಷ ಬಿಟ್ಟು ಮತ್ತೆ ಫೋನು. “ರೆಕ್ಕೆಗೆ ಲಗೇಜ್ ಆಕ್ಲಾ?”

ಇದು ಅರ್ಥವಾಗಬೇಕಾದರೆ ನೀವು ಒಮ್ಮೆ ಮಾವನ ಮನೆಯ ನಡುಮನೆಗೆ ಬರಬೇಕು. ಮಾವ ಮೂವತ್ತು ವರ್ಷ ನಂಜನಗೂಡು–ತಿ. ನರಸೀಪುರ ರೂಟಿನಲ್ಲಿ ಕಂಡಕ್ಟರಾಗಿದ್ದವರು. ನಿವೃತ್ತರಾದ ಮೇಲೆ ಬೇರೆಯವರು ವಾಕಿಂಗ್ ಹೋಗುತ್ತಾರೆ, ಸೊಸೆಯ ಅಡುಗೆಗೆ ಹೆಸರಿಡುತ್ತಾರೆ. ಮಾವ ರಟ್ಟಿನಲ್ಲಿ ಮೊಳದುದ್ದದ ಒಂದು ಬಸ್ಸು ಮಾಡಿದರು! ನಡುಮನೆಯ ಗೋಡೆಗೆ ಈ ತುದಿಯಿಂದ ಆ ತುದಿಗೆ ತಂತಿ ಕಟ್ಟಿ, ಪರದೆಯ ಎರಡು ಬಳೆ ಹಾಕಿ ಬಸ್ಸನ್ನು ನೇತುಬಿಟ್ಟರು. ಬೀದಿ ಬಾಗಿಲ ಪಕ್ಕ ನಂಜನಗೂಡು, ಗಡಿಯಾರದ ಕೆಳಗೆ ಹದಿನಾರು ಎಂಬ ಊರು, ಅಡುಗೆಮನೆ ಬಾಗಿಲಲ್ಲಿ ತಿ. ನರಸೀಪುರ. ಪ್ರತಿ ಸ್ಟಾಪಿಗೂ ಚೀಟಿ ಅಂಟಿಸಿದ್ದರು. ದಿನಾ ಬೆಳಗ್ಗೆ ಹತ್ತು ನಲವತ್ತಕ್ಕೆ ಸರಿಯಾಗಿ ಬಸ್ಸು ನಂಜನಗೂಡು ಬಿಡುತ್ತದೆ. ಎರಡು ಸಲ ಪೀಪಿ ಊದಿದರೆ ಹೊರಡು, ಒಂದು ಸಲ ಊದಿದರೆ ನಿಲ್ಲು. ಕೆಲವು ನಿಮಿಷಕ್ಕೊಮ್ಮೆ ಗೇಣುಗೇಣು ತಳ್ಳುತ್ತಾ ಒಂದೂಕಾಲು ಗಂಟೆಯಲ್ಲಿ ಅಡುಗೆಮನೆ ಮುಟ್ಟಿಸುತ್ತಾರೆ. ಆ ಹೊತ್ತಿನಲ್ಲಿ ಹೋದ ನೆಂಟರು ಡ್ಯೂಟಿ ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ಕೂರಬೇಕು. ಒಮ್ಮೆ ಬೀಗರೊಬ್ಬರು ಕಾಫಿ ಕೇಳಿದ್ದಕ್ಕೆ, “ಟೀ ಸ್ಟಾಪಿಗೆ ಇನ್ನೂ ಇಪ್ಪತ್ತು ನಿಮ್ಸ ಐತೆ, ಕೂತ್ಕಳಿ” ಎಂದಿದ್ದರು.

ಬಸ್ಸೇನೋ ಆಯಿತು, ಜನ ಬೇಡವೇ? ಮಾವನಿಗೆ ಬಸ್ಸು ಬಿಟ್ಟರೆ ಇನ್ನೇನೂ ಬಿಡಿಸಲು ಬರುವುದಿಲ್ಲ. ಮನುಷ್ಯರನ್ನು ಬಿಡಿಸಲು ಹೊರಟರೆ ಅವರಿಗೂ ನಾಲ್ಕು ಚಕ್ರ ಬರುತ್ತಿದ್ದವು. ಒಂದು ತಿಂಗಳು ಬಸ್ಸು ಖಾಲಿ ಓಡಿತು. ಆಮೇಲೆ ಮಾವ ನನ್ನ ಅಂಗಡಿಗೆ ಬಂದು ಮುಖ ಚಿಕ್ಕದು ಮಾಡಿಕೊಂಡು ನಿಂತರು.

“ಖಾಲಿ ಬಸ್ ಓಡ್ಸಕೆ ನಾಚ್ಕೆ ಆಯ್ತದೆ ಕಣ್ಲಾ. ಏನಾರಾ ಮಾಡು.”

ನನಗಿದು ಯಾವ ಮಹಾ ಕೆಲಸ? ನೆಟ್ಟಿನಿಂದ ಹತ್ತು ಚಿತ್ರ ಇಳಿಸಿ ಪ್ರಿಂಟ್ ಹಾಕಿ ಕತ್ತರಿಸಿ ಕೊಡುತ್ತೇನೆ ಎಂದೆ. ಮಾವ ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು.

“ಅವ್ನ್ಯಾರೋ ಕೂತು ಬರ್ದವ್ನೆ, ನೀನು ಸುಮ್ನೆ ಎತ್ಕೋತೀಯ? ಟಿಕೆಟ್ ಇಲ್ದೆ ನನ್ ಬಸ್ಸಿಗೆ ಜನ ಅತ್ತುಸ್ತೀಯಾ?”

ಹೀಗೆ ನಾವು ದುಡ್ಡು ಕೊಟ್ಟು ಜನ ಕೊಳ್ಳುವ ಸಂತೆ ಹುಡುಕಿಕೊಂಡು ಹೊರಟೆವು, ಮತ್ತು ಅಂಥದೊಂದು ಸಂತೆ ನೆಟ್ಟಿನಲ್ಲಿ ನಿಜವಾಗಿಯೂ ಇತ್ತು! ಎಲ್ಲೆಲ್ಲಿಯದೋ ಚಿತ್ರಗಾರರು ತಮ್ಮ ತಲೆಗೆ ಬಂದ ಪಾತ್ರಗಳನ್ನು ಬರೆದು, ಮುಂದಿನಿಂದ ಹೇಗೆ ಹಿಂದಿನಿಂದ ಹೇಗೆ, ಕಣ್ಣು ಯಾವ ಬಣ್ಣ ಎಂದೆಲ್ಲ ತೋರಿಸಿ ಮಾರಾಟಕ್ಕೆ ಇಟ್ಟಿರುತ್ತಾರೆ. ಒಂದು ಪಾತ್ರ ಒಬ್ಬರಿಗೇ. ಕೊಂಡ ಮೇಲೆ ಅದು ನಿಮ್ಮದು. ಹೆಸರು ನೀವಿಡಿ, ಕತೆ ನೀವು ಕಟ್ಟಿ. ದೊಡ್ಡ ದೊಡ್ಡವರೆಲ್ಲ ಸಾಲು ನಿಂತು ಕೊಳ್ಳುತ್ತಾರಂತೆ. ಕೈಗೆ ಹಿಡಿಯಲಾಗದ, ತಿನ್ನಲಾಗದ, ಮಾರಿದರೆ ಬಂಗಾರದ ಬೆಲೆ ಬರದ ಒಂದು ನರಿಮುಖದ ಹುಡುಗಿಯನ್ನು ಜನ ಯಾಕಪ್ಪಾ ಕೊಳ್ಳುತ್ತಾರೆ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಷ್ಟರಲ್ಲಿ ಮಾವ, “ಆ ಛತ್ರಿ ಇಡ್ಕೊಂಡಿರೋ ನರಿನ ಅತ್ತುಸ್ಕೊ, ಪಾಪ ಮಳೇಲಿ ನಿಂತದೆ” ಎಂದು ಬೆರಳು ತೋರಿಸಿಬಿಟ್ಟಿದ್ದರು.

ಅಲ್ಲಿಂದ ಶುರುವಾಯಿತು. ಕೊಂಡದ್ದನ್ನು ನಾನು ಪ್ರಿಂಟ್ ಹಾಕಿ ಕತ್ತರಿಸಿ ಕೊಡುವುದು, ಮಾವ ಬಸ್ಸಿಗೆ ಹತ್ತಿಸುವುದು. ಮೂರು ಕೊಂಬಿನ ನೀಲಿ ರಾಕ್ಷಸನೊಬ್ಬ ಬಂದ. ಪಾತಾಳದ ಒಂಟಿ ರಾಜಕುಮಾರ ಎಂದು ಅವನ ಚಿತ್ರಗಾರ್ತಿ ಬರೆದಿದ್ದಳು. ಮಾವ ಅವನನ್ನು ಬಿಳಿಗೆರೆ ಹೋಬಳಿಯಲ್ಲಿ ಎರಡು ಎಕರೆ ಕಬ್ಬು ಹಾಕಿದ ಗೃಹಸ್ಥನನ್ನಾಗಿ ಮಾಡಿದರು. ದಿನಾ ತಾಲ್ಲೂಕು ಕಚೇರಿಗೆ ಪಹಣಿ ತಿದ್ದಿಸಲು ಹೋಗುತ್ತಾನೆ, ಪಾಪ ಕೆಲಸ ಆಗುವುದಿಲ್ಲ. ಕತ್ತಿ ಹಿಡಿದ ಬೆಕ್ಕು ಹದಿನಾರಿನ ಕುಯಿಲಿನ ಆಳಾಯಿತು, ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಳ್ಳದೆ ಹತ್ತುವಂತಿಲ್ಲ. ಒಂದು ಮತ್ಸ್ಯಕನ್ಯೆಯನ್ನು ಮಾತ್ರ ಮಾವ ಖಡಾಖಂಡಿತವಾಗಿ ಬೇಡವೆಂದರು.

“ಯಾಕೆ ಮಾವ, ಚೆನ್ನಾಗವ್ಳಲ್ಲ?”

“ಚೆನ್ನಾಗವ್ಳೆ. ಫುಟ್‌ಬೋರ್ಡಿಗೆ ಕಾಲ್ ಎಲ್ಲಿ ಇಡ್ತಾಳ್ಲಾ?”

ಆ ರಾಕ್ಷಸನ ಚಿತ್ರಗಾರ್ತಿ ಯಾವುದೋ ದೂರದೇಶದವಳು. ನಿಮ್ಮ ಕೈಯಲ್ಲಿ ನನ್ನ ರಾಜಕುಮಾರ ಹೇಗಿದ್ದಾನೆ ಎಂದು ಪ್ರೀತಿಯಿಂದ ಕೇಳಿ ಕಳಿಸಿದ್ದಳು. ಮಾವ ಹೇಳಿದ್ದನ್ನು ನಾನು ಇಂಗ್ಲಿಷಿಗೆ ಇಳಿಸಿ ಕಳಿಸಿದೆ: ರಾಜಕುಮಾರ ಕ್ಷೇಮ. ಈ ಸಲ ಕಬ್ಬು ಪರವಾಗಿಲ್ಲ. ಹೆಣ್ಣು ನೋಡುತ್ತಿದ್ದಾರೆ, ಕೊಂಬಿನ ವಿಷಯ ಮುಂಚೆಯೇ ಹೇಳುತ್ತಿದ್ದಾರೆ. ಆ ಹುಡುಗಿ ನಕ್ಕು ನಕ್ಕು ಅತ್ತಿರಬೇಕು, ಮುಂದಿನ ಮೂರು ಪಾತ್ರಗಳನ್ನು ಎಲ್ಲರಿಗಿಂತ ಮೊದಲು ನಮಗೇ ತೋರಿಸಿದಳು!

ನನಗೊಂದು ಅನುಮಾನವಿತ್ತು. ಇಷ್ಟೆಲ್ಲ ಒದ್ದಾಟ ಯಾಕೆ? ನಿಮಗೆ ಬೇಕಾದ ಹಾಗೆ ಹೇಳಿ ಬರೆಸಬಹುದಲ್ಲ, ಪಂಚೆ ಉಟ್ಟವರು, ಟವೆಲ್ ಹಾಕಿದವರು, ನಮ್ಮ ಕಡೆಯ ಜನ ಎಂದೆ. ಮಾವ ಒಂದು ಕ್ಷಣವೂ ಯೋಚಿಸಲಿಲ್ಲ.

“ಯಾವ ಕಂಡಕ್ಟ್ರು ಪ್ಯಾಸೆಂಜರ್‌ನ ಏಳಿ ಮಾಡುಸ್ತಾನ್ಲಾ? ಸ್ಟಾಪ್‌ನಲ್ಲಿ ಯಾರು ನಿಂತಿರ್ತಾರೋ ಅವ್ರೇ ಜನ. ಕೊಂಬಿರ್ಲಿ, ಬಾಲ ಇರ್ಲಿ. ಅತ್ತುಸ್ಕೊಂಡ್ ಮೇಲೆ ನಮ್ಮೋರು.”

ಈ ವ್ಯಾಪಾರದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ. ಆದರೆ ಆ ಮಾತಿನಲ್ಲಿ “ಸ್ಟಾಪ್‌ನಲ್ಲಿ” ಎನ್ನುವುದಿದೆಯಲ್ಲ, ಮಾವನ ಸಂಸಾರದ ಮಹಾಯುದ್ಧ ನಡೆದದ್ದು ಅದರಿಂದಲೇ. ಅದನ್ನು ಹೇಳದಿದ್ದರೆ ಅತ್ತೆಗೆ ಅನ್ಯಾಯವಾದೀತು.

ಮದುವೆಯಾದ ಎರಡನೇ ವರ್ಷ. ಅತ್ತೆಯ ತವರು ಹದಿನಾರು. ಕೂಸನ್ನೂ ಬಟ್ಟೆಗಂಟನ್ನೂ ಕಂಕುಳಿಗೆ ಏರಿಸಿಕೊಂಡು ಗಂಡನ ಮನೆಗೆ ಹೊರಟಿದ್ದರು. ಬರುವುದು ಗಂಡನದೇ ಬಸ್ಸು! ಆದರೆ ಸ್ಟಾಪಿನಲ್ಲಿ ನೆರಳಿಲ್ಲ ಎಂದು ಮೂವತ್ತು ಹೆಜ್ಜೆ ಮುಂದೆ ಹುಣಸೆಮರದ ಕೆಳಗೆ ನಿಂತರು. ಬಸ್ಸು ಬಂತು, ಸ್ಟಾಪಿನಲ್ಲಿ ನಿಂತಿತು, ಮೂವರನ್ನು ಹತ್ತಿಸಿಕೊಂಡಿತು. ಮಾವ ಎರಡು ಸಲ ಪೀಪಿ ಊದಿದರು. ಅತ್ತೆ ಕೈ ಬೀಸಿದರು. ಬಸ್ಸಿನೊಳಗಿನ ಜನವೆಲ್ಲ “ನಿಮ್ಮೋರು ಕಣ್ರೀ, ನಿಮ್ಮೋರು!” ಎಂದು ಕೂಗಿದರು. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನು ಹೇಳಿದರು ಗೊತ್ತೇ? “ಸ್ಟಾಪು ಅಲ್ಲೈತೆ!” ಬಸ್ಸು ಧೂಳೆಬ್ಬಿಸಿಕೊಂಡು ಹೊರಟುಹೋಯಿತು.

ಅತ್ತೆ ಆ ಧೂಳಿನಲ್ಲಿ ನಿಂತೇ ಶಪಥ ಮಾಡಿದರು, ನಿಮ್ಮ ಬಸ್ಸು ಹತ್ತುವುದಿಲ್ಲ ಎಂದು. ಹತ್ತಲಿಲ್ಲ! ತವರಿಗೆ ಹೋಗುವಾಗ ಹಿಂದಿನ ಬಸ್ಸು, ಬರುವಾಗ ಮುಂದಿನ ಬಸ್ಸು. ಮಾವ ನಿವೃತ್ತರಾದ ದಿನ ಡ್ರೈವರು, ಡಿಪೋದವರು, ಊರವರು ಎಲ್ಲ ಕೊನೆಯ ಟ್ರಿಪ್ಪಿಗೆ ಹಾರ ಹಿಡಿದು ಹತ್ತಿದರು. ಅತ್ತೆ ಮನೆಯಲ್ಲಿ ಒಬ್ಬಟ್ಟು ಮಾಡಿಟ್ಟರು, ಬರಲಿಲ್ಲ. “ನಿಲ್ಲುಸ್ಲಿ, ಅತ್ಕೋತೀನಿ” ಎನ್ನುವುದು ಅವರ ಒಂದೇ ಮಾತು. “ರೂಲ್ಸು ರೂಲ್ಸೇ” ಎನ್ನುವುದು ಇವರದು. ಮಿಕ್ಕಂತೆ ಇಬ್ಬರೂ ಅನ್ಯೋನ್ಯವಾಗಿಯೇ ಇದ್ದರು. ಒಬ್ಬರ ತಟ್ಟೆಯಲ್ಲಿ ಒಬ್ಬರು ಉಪ್ಪಿನಕಾಯಿ ಇಡುತ್ತಿದ್ದರು.

ಈಗ ರಟ್ಟಿನ ಬಸ್ಸಿಗೆ ಬನ್ನಿ. ಎಲ್ಲ ಸೀಟೂ ತುಂಬಿದವು, ಮುಂದಿನ ಬಾಗಿಲ ಹಿಂದಿನ ಕಿಟಕಿ ಸೀಟೊಂದನ್ನು ಬಿಟ್ಟು. ಡ್ರ್ಯಾಗನ್ ಮಗು ನಿಂತೇ ಪ್ರಯಾಣ ಮಾಡುತ್ತಿತ್ತು. ಅದನ್ನಾದರೂ ಅಲ್ಲಿ ಕೂರಿಸಿ ಮಾವ ಎಂದರೆ, “ಅದು ರಿಸರ್ವು” ಎನ್ನುತ್ತಿದ್ದರು. ಯಾರಿಗೆ ಎಂದರೆ, “ಬರೋರ್ಗೆ.” ಅಡುಗೆಮನೆಯಲ್ಲಿ ಸೌಟು ಜೋರಾಗಿ ಸದ್ದು ಮಾಡುತ್ತಿತ್ತು. ನಗುತ್ತಿದ್ದೆವು ನಿಜ, ಆದರೆ ಬಸ್ಸು ಹದಿನಾರು ತಲುಪಿದಾಗ ಮಾವ ಆ ಖಾಲಿ ಕಿಟಕಿಯನ್ನು ನೋಡುವ ರೀತಿ ಕಂಡರೆ ನನಗೆ ಸಂಕಟವಾಗುತ್ತಿತ್ತು. ಮನುಷ್ಯನಿಗೆ ತಪ್ಪಾಯಿತು ಎನ್ನಲು ಬಾಯಿ ಬರದು, ಆಸೆ ಬಿಡಲು ಮನಸ್ಸು ಬಾರದು.

ಮೊನ್ನೆ ಒಂದು ಸೋಮವಾರ ದೇವಸ್ಥಾನದ ನೆಪ ಹೇಳಿಕೊಂಡು ಅತ್ತೆ ನಂಜನಗೂಡಿಗೆ ಬಂದರು. ಕೈಯಲ್ಲಿ ಹಣ್ಣುಕಾಯಿ ಹಾಗೇ ಇತ್ತು, ದೇವರಿಗಿಂತ ಮುಂಚೆ ನನ್ನ ಅಂಗಡಿಗೇ ಬಂದಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, ಆಚೆ ಈಚೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಆ ಬೊಂಬೆ ಮಾರ್ತರಲ್ಲ, ಅವ್ರತ್ರ ಎಂಗ್ಸು ಬೊಂಬೆ ಐತೇನಪ್ಪ?”

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ! ಒಂದೊಂದಾಗಿ ತೋರಿಸಿದೆ. “ಮೈ ತುಂಬಾ ಬಟ್ಟೆ ಇರೋದು ತೋರ್ಸು”, “ಇವ್ಳ್ದೇನು ಅಲ್ಲು ಇಷ್ಟುದ್ದ”, “ಇದು ಎಂಗ್ಸೋ ಗಂಡ್ಸೋ” ಎಂದು ಒಂದು ಗಂಟೆ ಸೀರೆ ಅಂಗಡಿಯ ಹಾಗೆ ಎಲ್ಲ ಬಿಚ್ಚಿಸಿದರು. ಕೊನೆಗೆ ಒಂದು ಗೂಬೆಮುಖದ ಹೆಂಗಸು ಬಂದಳು. ಕಂದು ಶಾಲು, ಕಂಕುಳಲ್ಲೊಂದು ಗಂಟು, ಹುಬ್ಬು ಗಂಟಿಕ್ಕಿದ ದುಂಡು ಕಣ್ಣು.

“ಇವ್ಳು ಕ್ವಾಪ ಮಾಡ್ಕೊಂಡವ್ಳೆ. ಇವ್ಳೇ ಇರ್ಲಿ.”

“ಅತ್ತೆ, ಇಷ್ಟಕ್ಕೆಲ್ಲ ಗೂಬೆ ಯಾಕೆ? ನಿಮ್ಮದೇ ಫೋಟೋ ಪ್ರಿಂಟ್ ಹಾಕಿ ಕೊಡ್ತೀನಿ!”

ಅತ್ತೆ ತಲೆಯಾಡಿಸಿದರು. “ನಾನು ಅತ್ತಾಕಿಲ್ಲ ಅಂತ ಆಡಿಬುಟ್ಟಿವ್ನಿ. ನನ್ ಫೋಟೋ ಓದ್ರೂ ನಾನು ಸೋತಂಗೆ. ಇವ್ಳು ಓದ್ರೆ ಯಾರೂ ಸೋಲಾಕಿಲ್ಲ.” ಆಮೇಲೆ ಸೆರಗು ಸರಿಮಾಡಿಕೊಂಡು, “ನನ್ ಕೈಲಿ ಓಗಾಕಾಗ್ದಿರೋ ಕಡೆ ಓಗಾಕೆ ಒಂದು ಮೈ ಬೇಕಲ್ಲಪ್ಪ” ಎಂದರು. ಜನ ಯಾಕೆ ಈ ಪಾತ್ರಗಳನ್ನು ಕೊಳ್ಳುತ್ತಾರೆ ಎಂದು ನಾನು ತಲೆ ಕೆರೆದುಕೊಂಡಿದ್ದೆನಲ್ಲ, ಉತ್ತರ ಹಣ್ಣುಕಾಯಿ ಹಿಡಿದು ನನ್ನ ಮುಂದೆ ನಿಂತಿತ್ತು.

ಗೂಬೆಯಮ್ಮನನ್ನು ಕೊಂಡು, ಕತ್ತರಿಸಿ ಅತ್ತೆಯ ಕೈಗೆ ಕೊಟ್ಟೆ. ಮಾರನೆಯ ದಿನ ಬೇಕೆಂದೇ ಹತ್ತು ನಲವತ್ತಕ್ಕೆ ಮಾವನ ಮನೆಗೆ ಹೋದೆ. ಮೊದಲು ಗೋಡೆ ನೋಡಿದೆ. ಅತ್ತೆ ಗೂಬೆಯಮ್ಮನನ್ನು ಸೀಟಿನಲ್ಲಿ ಕೂರಿಸಿರಲಿಲ್ಲ. ಸ್ಟಾಪಿನಲ್ಲೂ ನಿಲ್ಲಿಸಿರಲಿಲ್ಲ. ಹದಿನಾರಿನ ಚೀಟಿಯಿಂದ ಒಂದು ಗೇಣು ಮುಂದೆ ಅಂಟಿಸಿ, ಮೇಲೊಂದು ಹುಣಸೆಸೊಪ್ಪಿನ ಎಳೆ ಸಿಕ್ಕಿಸಿದ್ದರು!

ಮಾವ ಎರಡು ಸಲ ಊದಿದರು, ಬಸ್ಸು ನಂಜನಗೂಡು ಬಿಟ್ಟಿತು. ಅವರು ಗೋಡೆಯ ಆ ಕಡೆ ನೋಡಿಯೇ ಇರಲಿಲ್ಲ. ಹದಿನಾರು ಬಂತು. ಒಂದು ಪೀಪಿ, ಬಸ್ಸು ನಿಂತಿತು. ಕತ್ತಿಯ ಬೆಕ್ಕು ಹತ್ತಿತು. ಎರಡು ಪೀಪಿ. ಬಸ್ಸನ್ನು ತಳ್ಳಲು ಕೈಯೆತ್ತಿದವರು ಹಾಗೇ ನಿಂತುಬಿಟ್ಟರು. ಸೊಪ್ಪು ನೋಡಿದರು. ಗಂಟು ನೋಡಿದರು. ಆ ಸಿಟ್ಟಿನ ದುಂಡು ಕಣ್ಣು ನೋಡಿದರು. ಅಡುಗೆಮನೆಯಲ್ಲಿ ಸೌಟಿನ ಸದ್ದಿಲ್ಲ, ನೀರಿನ ಸದ್ದೂ ಇಲ್ಲ. ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

ಬಸ್ಸು ಒಂದು ಗೇಣು ಮುಂದೆ ಸರಿಯಿತು. ಮಾವ ಪೀಪಿಯನ್ನು ಬಾಯಿಗಿಟ್ಟರು.

ಒಂದೇ ಸಲ ಊದಿದರು.

ಸ್ಟಾಪಲ್ಲದ ಜಾಗದಲ್ಲಿ ಬಸ್ಸು ನಿಂತಿತು. ಮಾವ ಗೂಬೆಯಮ್ಮನನ್ನು ಗೋಡೆಯಿಂದ ಬಿಡಿಸಿ, ಗಂಟು ಮುದುರದ ಹಾಗೆ ನೋಡಿಕೊಂಡು, ಆ ಕಿಟಕಿಯಲ್ಲಿ ಕೂರಿಸಿದರು. ಆಮೇಲೆ ಎರಡು ಸಲ ಊದಬೇಕಲ್ಲ, ಊದಲು ಹೋದರೆ ಪೀಪಿಯಿಂದ ಬರೀ ಗಾಳಿ ಬಂತು. ತುಟಿ ನಿಲ್ಲುತ್ತಿರಲಿಲ್ಲ. ಇನ್ನೊಮ್ಮೆ ಊದಿದರು, ಮತ್ತೆ ಗಾಳಿ. ನನಗೂ ಕಣ್ಣು ತುಂಬಿ ಗಡಿಯಾರ ಕಾಣಿಸಲಿಲ್ಲ.

ಅಡುಗೆಮನೆಯ ಬಾಗಿಲಿನಿಂದ ಅತ್ತೆಯ ದನಿ ಬಂತು.

“ಟೇಮಾಯ್ತು ಕಣ್ರೀ. ರೈಟ್, ರೈಟ್.”